ಮೂಟೆ ಗೋಡೆಯೊಳಗಿನ ಅಳಿಯ

ಕಲ್ಯಾಣದುರ್ಗದ ಸಿದ್ದಲಿಂಗೇಶನ ಹೆಸರು ದ್ರಾಕ್ಷಾಯಣಮ್ಮನ ಕಿವಿಗೆ ಮೊದಲು ಬಿದ್ದ ದಿನ ಆಯಮ್ಮನ ಎರಡೂ ಕೈಗೆ ಮೊಣಕೈವರೆಗೆ ಹುಣಸೆಹಣ್ಣು ಮೆತ್ತಿತ್ತು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು. ಹಿಂದೂಪುರದಲ್ಲಿ ಆ ಕಾಲ ಬಂತೆಂದರೆ ಯಾವ ಬೀದಿಗೆ ಹೋದರೂ ಕೊಡತಿ ಸದ್ದೇ. ದ್ರಾಕ್ಷಾಯಣಮ್ಮನ ಪಡಸಾಲೆಯಲ್ಲೂ ಹೆಂಗಸರು ಸಾಲಾಗಿ ಕೂತು, ಸೀರೆ ಮೊಣಕಾಲಿಗೆ ಸಿಕ್ಕಿಸಿ, ಕಲ್ಲಿನ ಮೇಲೆ ಹಣ್ಣಿಟ್ಟು ಮರದ ಕೊಡತಿಯಲ್ಲಿ ಕುಟ್ಟಿ ಬೀಜ ಬಿಡಿಸುತ್ತಿದ್ದರು. ಗಂಡ ದೊಡ್ಡಬಸಪ್ಪ ತೀರಿಕೊಂಡ ಮೇಲೆ ಹುಣಸೆ ವ್ಯಾಪಾರ ನಡೆಸುತ್ತಿದ್ದವಳು ಆಯಮ್ಮನೇ. ದ್ರಾಕ್ಷಾಯಣಮ್ಮನ ಹಣ್ಣು ಅಂದರೆ ಕೆಂಪು ಹಣ್ಣು ಅಂತ ಮಾರ್ಕೆಟ್ ಯಾರ್ಡಿನಲ್ಲಿ ಹೆಸರಿತ್ತು. ಚೀಲ ಬಿಚ್ಚಿ ನೋಡುವ ಮೊದಲೇ ಹರಾಜಿನ ಕೂಗು ಶುರುವಾಗುತ್ತಿತ್ತು.

ಅಂಥ ಹೊತ್ತಿನಲ್ಲಿ ಸಂಬಂಧ ಹುಡುಕಿಕೊಡುವ ಅಮರೇಶಪ್ಪ ಬಂದು ಜಗಲಿ ಮೇಲೆ ಕೂತ.

"ಹುಡುಗ ಬಿಎಸ್ಸಿ ಓದವ್ನೆ ಅಕ್ಕ. ನಿಮ್ಮನೇಲೇ ಇರೋಕೆ ಒಪ್ಕಂಡವ್ನೆ. ಕುಡಿಯಲ್ಲ, ಬೀಡಿ ಇಲ್ಲ, ಎದುರು ಮಾತಿಲ್ಲ."

"ಕೆಲ್ಸ?"

"ಅಮೆರಿಕಾದ್ದು."

"ಅಮೆರಿಕಾಕ್ಕೆ ಹೋಗೋನು ನಮ್ಮನೇಲಿ ಹೆಂಗಿರ್ತಾನೆ ಅಮರೇಶಣ್ಣ? ಬೆಳಿಗ್ಗೆ ಹೋಗಿ ಸಂಜೆಗೆ ಬತ್ತಾನಾ?"

"ಹೋಗಲ್ಲ ಅಕ್ಕ. ಕೆಲ್ಸ ಮಾತ್ರ ಅಲ್ಲೀದು. ಮಾಡೋದು ಮನೇಲಿ ಕೂತ್ಕಂಡೇ."

ಕೊಡತಿಗಳು ಒಟ್ಟಿಗೆ ನಿಂತವು. ಸಾಲಿನ ತುದಿಯಲ್ಲಿದ್ದ ಲಕ್ಷ್ಮಕ್ಕ, ಆ ಪಡಸಾಲೆಯಲ್ಲಿ ಕುಟ್ಟಿ ಕುಟ್ಟಿಯೇ ಕೂದಲು ಬೆಳ್ಳಗೆ ಮಾಡಿಕೊಂಡವಳು, ಬಾಯಲ್ಲಿದ್ದ ಎಲೆಅಡಿಕೆ ಒಂದು ಕಡೆಗೆ ತಳ್ಳಿ ಕೇಳಿದಳು: "ಮನೇಲಿ ಕೂತ್ಕಂಡು ಕೆಲ್ಸ ಮಾಡೋ ಗಂಡ್ಸಾ? ಹಂಗಾದ್ರೆ ನನ್ ಪಕ್ಕದಾಗೆ ಒಂದು ಕಲ್ಲು ಹಾಕ್ಕೊಡಮ್ಮ, ಕೂತ್ಕಳ್ಲಿ. ನಾವೂ ಮನೇಲಿ ಕೂತ್ಕಂಡೇ ಅಲ್ವಾ ಮಾಡೋದು?"

"ಇಂಟ್ಲೋ ಕೂಚುನಿ ಉದ್ಯೋಗಮಾ!" ಮನೆಯಲ್ಲಿ ಕೂತು ಮಾಡೋದೂ ಒಂದು ಉದ್ಯೋಗವಾ ಅಂತ ಬೀರಕ್ಕ ತೆಲುಗಿನಲ್ಲಿ ಮೂಗು ಮುರಿದಳು. ಎಲ್ಲರೂ ನಕ್ಕರು. ದ್ರಾಕ್ಷಾಯಣಮ್ಮನೂ ನಕ್ಕಳು. ಆದರೆ ಅಮರೇಶಪ್ಪನನ್ನು ಎಬ್ಬಿಸಿ ಕಳಿಸಲಿಲ್ಲ. ಆಯಮ್ಮನಿಗೆ ಇದ್ದವಳು ಸ್ನೇಹಲತಾ ಒಬ್ಬಳೇ. ಅವಳನ್ನು ಬೇರೆ ಊರಿಗೆ ಕೊಟ್ಟು, ವರ್ಷಕ್ಕೆ ಎರಡು ಹಬ್ಬಕ್ಕೆ ಮುಖ ನೋಡುವ ಮನಸ್ಸು ಆಯಮ್ಮನಿಗೆ ಇರಲಿಲ್ಲ. ಮನೆಅಳಿಯನೇ ಬೇಕು ಅಂತ ಹಟ ಹಿಡಿದಿದ್ದಳು. ಮನೆಅಳಿಯನಾಗಿ ಬರುತ್ತೇನೆ ಅನ್ನುವ ಗಂಡಸರು ಎಂಥವರು ಅನ್ನೋದೂ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಅಮರೇಶಪ್ಪ ಮೊದಲು ತಂದವನು ಕುಡುಕ. ಆಮೇಲೆ ತಂದವನಿಗೆ ಮಡಕಶಿರಾದಲ್ಲಿ ಆಗಲೇ ಒಂದು ಸಂಸಾರವಿತ್ತು. ಇವರ ಮುಂದೆ, ಮನೆಯಲ್ಲಿ ಕೂರುವುದೊಂದೇ ತಪ್ಪಾದರೆ ನೋಡೋಣ ಅಂದುಕೊಂಡಳು.

ಹುಡುಗನ ಮನೆ ನೋಡಲು ಬಸ್ಸು ಬದಲಾಯಿಸಿಕೊಂಡು ಕಲ್ಯಾಣದುರ್ಗಕ್ಕೆ ಹೋದಳು. ಕಡಲೆಕಾಯಿ ಎಣ್ಣೆ ಅಂಗಡಿಯವರ ಮನೆ. ಮುಂದೆ ಅಂಗಡಿ, ಹಿಂದೆ ಮನೆ. ಒಳಗೆ ಕಾಲಿಟ್ಟರೆ ಅಣ್ಣಂದಿರು, ಅವರ ಹೆಂಡಿರು, ಅವರ ಮಕ್ಕಳು, ಮಿಕ್ಕ ಜಾಗದಲ್ಲೆಲ್ಲ ಎಣ್ಣೆ ಡಬ್ಬ. ಸಿದ್ದಲಿಂಗೇಶ ಎಲ್ಲಿ ಅಂತ ಹುಡುಕಿದರೆ, ಅಡುಗೆಮನೆ ಬಾಗಿಲ ಪಕ್ಕ ರಾಗಿಹಿಟ್ಟಿನ ಮರದ ಪೆಟ್ಟಿಗೆ ಮೇಲೆ ಕಂಪ್ಯೂಟರ್ ಇಟ್ಟುಕೊಂಡು, ಎರಡೂ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದ. ಕಾಲಡಿಯಲ್ಲಿ ಹೊಲಿಗೆ ಮಿಷನ್ನಿನ ಹಾಗೆ ಒಂದು ಪೆಡಲ್. ಅದನ್ನು ತುಳಿದರೆ ಅಮೆರಿಕಾದ ಡಾಕ್ಟರು ಕಿವಿಯಲ್ಲಿ ಮಾತಾಡುತ್ತಿದ್ದ, ಬಿಟ್ಟರೆ ಸುಮ್ಮನಾಗುತ್ತಿದ್ದ. ಅವನು ಹೇಳಿದ್ದನ್ನೆಲ್ಲ ಇವನು ಟೈಪ್ ಮಾಡಬೇಕು. ಯಾರದೋ ಮೊಣಕಾಲು, ಯಾರದೋ ಎದೆನೋವು. ಅಷ್ಟೇ ಉದ್ಯೋಗ.

"ಸಿದ್ದೂ, ಏಳಪ್ಪ, ಹಿಟ್ಟು ಬೇಕು," ಅಂದಳು ದೊಡ್ಡತ್ತಿಗೆ ಬನಶಂಕರಿ.

ಅವನು ಹೆಡ್‌ಫೋನೂ ತೆಗೆಯಲಿಲ್ಲ, ಮುಖವೂ ಸಿಂಡರಿಸಲಿಲ್ಲ. ಎದ್ದು, ಆ ದಪ್ಪ ಟಿವಿಯಂಥದ್ದನ್ನು ಎಳೆಮಗುವಿನಂತೆ ಎದೆಗೆ ಅವುಚಿಕೊಂಡು ನಿಂತ. ಬನಶಂಕರಿ ಪೆಟ್ಟಿಗೆ ಮುಚ್ಚಳ ಎತ್ತಿ, ಹಿಟ್ಟು ತೋಡಿ, ಮುಚ್ಚಳ ಹಾಕಿದಳು. ಅವನು ಮತ್ತೆ ಇಟ್ಟು ಕೂತ. ದ್ರಾಕ್ಷಾಯಣಮ್ಮನ ಕೈಯಲ್ಲಿದ್ದ ಕಾಫಿ ಮುಗಿಯುವಷ್ಟರಲ್ಲಿ ಇನ್ನೊಂದು ಸಲ ಹಿಟ್ಟು ಬೇಕಾಯಿತು. ಇನ್ನೊಂದು ಸಲ ಎದ್ದ.

"ಸಣ್ಣೋನಿದ್ದಾಗ್ಲಿಂದ ಹಿಂಗೇ ಕಣಮ್ಮ," ಅಂದಳು ಬನಶಂಕರಿ, ಸಾಧುವಾದ ಎತ್ತನ್ನು ಹೊಗಳುವ ದನಿಯಲ್ಲಿ. "ಏಳು ಅಂದ್ರೆ ಏಳ್ತಾನೆ. ಓದೋವಾಗ ಮಹಡಿ ಮೆಟ್ಲಲ್ಲಿ ಕೂರ್ತಿದ್ದ. ಯಾರಾದ್ರೂ ಹತ್ತೋಕೆ ಬಂದ್ರೆ ಎದ್ದು ಗೋಡೆಗೆ ಒರಗ್ತಿದ್ದ. ಪರೀಕ್ಷೆ ಬಂದ್ರೆ ಬಸ್ ಸ್ಟ್ಯಾಂಡಿಗೆ ಹೋಗಿ ಓದ್ಕಂಡು ಬತ್ತಿದ್ದ. ಯಾರ ಜೊತೇಲೂ ಮಾತಿಲ್ಲ, ಕತೆ ಇಲ್ಲ. ನಮಗೂ ಪುರುಸೊತ್ತಿಲ್ಲ ಬಿಡಿ."

ಬೆಂಗಳೂರಿನ ಕಂಪನಿಯೊಂದು ಅವನಿಗೆ ಈ ವಿದ್ಯೆ ಕಲಿಸಿ, ಇನ್ನು ನೀನು ನಿನ್ನ ಮನೆಯಿಂದಲೇ ಮಾಡಪ್ಪ, ಬಸ್ಸಿನ ಕಷ್ಟ ಬೇಡ, ಮ್ಯಾನೇಜರನ ಮುಖ ನೋಡೋ ಕಷ್ಟ ಬೇಡ ಅಂತ ಹೇಳಿ ಕಳಿಸಿತ್ತಂತೆ. ಕಂಪನಿಯವರು ತೋರಿಸಿದ ಪಟದಲ್ಲಿ ಮನೆಯಿಂದ ಕೆಲಸ ಮಾಡುವವನ ಹಿಂದೆ ಕಿಟಕಿಯಿತ್ತು, ಕಿಟಕಿಯಲ್ಲಿ ಹೂಕುಂಡವಿತ್ತು, ಕೈಯಲ್ಲಿ ಕಾಫಿ ಲೋಟವಿತ್ತು. ರಾಗಿಹಿಟ್ಟಿನ ಪೆಟ್ಟಿಗೆ ಇರಲಿಲ್ಲ. ಮನೆ ಅಂದರೆ ಹಗಲು ಹೊತ್ತು ಖಾಲಿ ಬಿದ್ದಿರುತ್ತದೆ ಅಂತ ತಿಳಿದ ಮಹಾನುಭಾವರು ಯಾರೋ! ಅವರ ತಾಯಂದಿರು ಹಗಲೆಲ್ಲ ಏನು ಮಾಡುತ್ತಿದ್ದರೋ ಅವರು ಒಂದು ದಿನವೂ ನೋಡಿರಲಿಕ್ಕಿಲ್ಲ.

ನಿಶ್ಚಿತಾರ್ಥದ ದಿನ ಊರೇ ನಗುವ ಹಾಗಾಯಿತು. ಹುಡುಗನಿಗೆ ಏನು ಆಸೆಯಿದೆಯೋ ಕೇಳಿಬಿಡಿ ಅಂತ ಹಿರಿಯರು ಅಂದರು. ವಾಚು ಕೇಳುತ್ತಾನೆ, ಮೋಟರ್ ಸೈಕಲ್ ಕೇಳುತ್ತಾನೆ ಅಂತ ಎಲ್ಲರೂ ಕಾದರು. ಸಿದ್ದಲಿಂಗೇಶ ಗಂಟಲು ಸರಿಮಾಡಿಕೊಂಡು, "ಪಡಸಾಲೇಲಿ ಒಂದು ಪ್ಲಗ್ ಪಾಯಿಂಟು, ಪಕ್ಕದಲ್ಲೇ ಫೋನ್ ಲೈನು," ಅಂದ. ಹುಡುಗಿಯನ್ನು ಒಪ್ಪಿದನೋ ಟೆಲಿಫೋನ್ ತಂತಿಯನ್ನು ಒಪ್ಪಿದನೋ ಅಂತ ಬೀಗರ ಕಡೆಯವರೇ ಕೇಳಿಕೊಂಡರು. ಕಲ್ಯಾಣದುರ್ಗದಲ್ಲಿ ಆಗ ಇಂಟರ್ನೆಟ್ಟು ಬಂದರೆ ಬಂತು, ಹೋದರೆ ಹೋಯಿತು. ಹಿಂದೂಪುರದಲ್ಲಿ ಅದಕ್ಕಿಂತ ವಾಸಿ. ಮನೆಅಳಿಯತನದ ಗುಟ್ಟು ಅಷ್ಟೇ.

ಮದುವೆಯಾಯಿತು. ಅಳಿಯ ಬಂದು ಪಡಸಾಲೆಯಲ್ಲಿ, ಹಿತ್ತಲ ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಕೂತ. ಕೂತವನು ಮತ್ತೆ ಏಳಲಿಲ್ಲ.

ದ್ರಾಕ್ಷಾಯಣಮ್ಮನ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಎದುರು ಬರುವಂತಿಲ್ಲ. ಬರಲೇಬೇಕಾದರೆ ತಲೆತುಂಬ ಸೆರಗು ಹೊದ್ದು ಬಾಗಿಲ ಮರೆಯಲ್ಲಿ ನಿಲ್ಲಬೇಕು. ಅವನಿದ್ದ ಕಡೆ ಕೂರಬಾರದು. ಮಾತಾಡಬೇಕಾದರೆ ಮಗಳ ಬಾಯಿಂದ ಆಡಿಸಬೇಕು. ಆಯಮ್ಮನ ತಾಯಿ ಹಾಗೇ ನಡೆದಳು, ಅಜ್ಜಿ ಹಾಗೇ ನಡೆದಳು. ಅವರಿಗೇನು ಕಷ್ಟ? ಅವರ ಅಳಿಯಂದಿರು ಹಬ್ಬಕ್ಕೆ ಬಂದು ಹೋಳಿಗೆ ತಿಂದು ಹೊರಟುಹೋಗುತ್ತಿದ್ದರು. ಮನೆಅಳಿಯನಾದವನೂ ಬೆಳಗಾದರೆ ಹೊಲಕ್ಕೋ ಅಂಗಡಿಗೋ ಹೋಗುತ್ತಿದ್ದ. ಗಂಡಸರು ಹೊಸಲು ದಾಟಿದ ಮೇಲೆ ಮನೆ ಹೆಂಗಸರದ್ದು. ಸೆರಗು ಸೊಂಟಕ್ಕೆ, ಕೊಡತಿ ಕೈಗೆ, ಬಾಯಿಗೆ ಬಂದದ್ದು ಮಾತು. ಹಗಲೆಲ್ಲ ಪಡಸಾಲೆಯಲ್ಲಿ ಬೇರು ಬಿಟ್ಟು ಕೂರುವ ಅಳಿಯನಿಗೆ ಏನು ಮಾಡಬೇಕು ಅಂತ ಯಾವ ಅಜ್ಜಿಯೂ ಹೇಳಿಹೋಗಿರಲಿಲ್ಲ.

ಹಾಗಾಗಿ ದ್ರಾಕ್ಷಾಯಣಮ್ಮ ತನ್ನ ಮನೆಯಲ್ಲೇ ಅಡುಗೆಮನೆ ಸೇರಿದಳು. ಬೀದಿಬಾಗಿಲಿಗೆ ವ್ಯಾಪಾರಿ ಬಂದರೆ, ಹಿತ್ತಲ ಬಾಗಿಲಿಂದ ಹೊರಬಿದ್ದು, ಪಕ್ಕದ ಮನೆ ಆದಿಲಕ್ಷ್ಮಮ್ಮನ ಅಂಗಳ ದಾಟಿ, ಸಂದಿ ಸುತ್ತಿ ತನ್ನ ಜಗಲಿಗೆ ತಾನೇ ನೆಂಟಳ ಹಾಗೆ ಬರುತ್ತಿದ್ದಳು.

"ಏನಮ್ಮ, ನಿನ್ ಮನೆಗೆ ನೀನೇ ದಾರಿ ತಪ್ಪಿದ್ಯಾ?" ಅಂತ ಆದಿಲಕ್ಷ್ಮಮ್ಮ ಕೇಳುವಳು.

"ತಪ್ಪಿಲ್ಲ ಕಣೆ. ದಾರೀಲಿ ಅಳಿಯಂದ್ರು ಕೂತವ್ರೆ."

"ಇವತ್ತೂ ಹೋಗಿಲ್ವಾ? ಮೈ ಹುಷಾರಿಲ್ವಾ ಹೆಂಗೆ?"

ಊರಿಗೆಲ್ಲ ಇದೇ ಅನುಮಾನ. ಹಗಲಲ್ಲಿ ಗಂಡಸು ಮನೆಯಲ್ಲಿದ್ದಾನೆ ಅಂದರೆ ಮತ್ತೇನು? ಆದಿಲಕ್ಷ್ಮಮ್ಮ ಒಂದು ದಿನ ಮೆಣಸಿನ ಸಾರು ತಂದಳು. ಇನ್ನೊಬ್ಬಳು ಲೇಪಾಕ್ಷಿಯಿಂದ ಮಂತ್ರಿಸಿದ ನಿಂಬೆಹಣ್ಣು ತಂದಳು. ಕಿವಿಗೆ ಏನೋ ಕಟ್ಟಿಕೊಂಡಿದ್ದಾನೆ, ಕಿವಿ ಸೋರುತ್ತಿರಬೇಕು ಅಂತ ಮತ್ತೊಬ್ಬಳು ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯನ್ನೇ ತಂದಳು. ಸಿದ್ದಲಿಂಗೇಶ ಎಲ್ಲಕ್ಕೂ ಎದ್ದು ನಿಂತು ಕೈಮುಗಿದ. ಸಾರು ಕುಡಿದ. ಎಣ್ಣೆ ಮಾತ್ರ ಹಾಕಿಸಿಕೊಳ್ಳಲಿಲ್ಲ.

ಈ ಮಾನಗೇಡು ತಡೆಯಲಾರದೆ ದ್ರಾಕ್ಷಾಯಣಮ್ಮ ಬಜಾರಿನಲ್ಲಿ ಬಟ್ಟೆ ಅಂಗಡಿ ಮೇಲೆ ಒಂದು ರೂಮು ಹಿಡಿದುಕೊಟ್ಟಳು. ಅಳಿಯ ಬೆಳಿಗ್ಗೆ ಶರಟು ಹಾಕಿಕೊಂಡು ಹೊರಟಾಗ ಆಯಮ್ಮನಿಗೆ ಕಣ್ಣು ತುಂಬಿಬಂತು. ಆದರೆ ಹಿಂದೂಪುರದ ಬಜಾರಿನಲ್ಲಿ ಕುರ್ಚಿ ಹಾಕಿದ ಜಾಗವೆಲ್ಲ ಹರಟೆ ಕಟ್ಟೆಯೇ. ದೊಡ್ಡಬಸಪ್ಪನ ಹಳೇ ಗೆಳೆಯರು ಒಬ್ಬೊಬ್ಬರೇ ಹತ್ತಿಬಂದರು. "ದೊಡ್ಡಬಸಪ್ಪನ ಅಳಿಯ ಆಫೀಸು ಹಾಕವ್ನಂತೆ, ನೋಡ್ಕಂಡು ಹೋಗಾಣ," ಅಂತ ಬಂದವರು ಟೀ ತರಿಸಿದರು, ಪೇಪರು ಬಿಚ್ಚಿದರು, ಕುರ್ಚಿ ಸಾಲದೆ ಅವನನ್ನೇ ಎಬ್ಬಿಸಿ ಅವನ ಕುರ್ಚಿಯಲ್ಲಿ ಕೂತರು. ಅವನು ಗೋಡೆಗೆ ಒರಗಿ ನಿಂತ. ಏಳು ಅಂದರೆ ಏಳುವವನಲ್ಲವೇ! ವಾರ ತುಂಬುವ ಮೊದಲೇ ಮೇಜು, ಪೆಡಲು, ಅಮೆರಿಕಾದ ಡಾಕ್ಟರು, ಎಲ್ಲ ಮತ್ತೆ ಪಡಸಾಲೆಗೆ ಬಂತು.

ಮರುವರ್ಷದ ಸುಗ್ಗಿ ಬಂದಾಗ ಕೊಡತಿಗಳಿಗೆ ಜಾಗವಿಲ್ಲ. ಮೊಣಕಾಲಿಗೆ ಸೀರೆ ಸಿಕ್ಕಿಸಿದ ಹೆಂಗಸರು ಅಳಿಯನ ಮುಂದೆ ಕೂರುವುದುಂಟೇ? ಎಲ್ಲರನ್ನೂ ಹಿತ್ತಲಿಗೆ ಕಳಿಸಿದಳು. ತಲೆ ಮೇಲೆ ತಗಡು, ತಗಡಿನ ಮೇಲೆ ಬಿಸಿಲು.

"ಮನೇಲಿ ಕೂತ್ಕಂಡು ಮಾಡೋನು ಒಬ್ಬ ಬಂದ್ಬುಟ್ಟ, ಮನೇಲಿ ಕೂತ್ಕಂಡು ಮಾಡೋರೆಲ್ಲ ಬೀದಿಗೆ ಬಿದ್ವಿ," ಅಂತ ಲಕ್ಷ್ಮಕ್ಕ ಕಿಟಕಿಗೆ ಕೇಳುವ ಹಾಗೆಯೇ ಅಂದಳು.

"ಮೆಲ್ಲಗೆ ಕಣೆ, ಕೇಳ್ತದೆ."

"ಕೇಳ್ಲಿ ಬಿಡಮ್ಮ. ಕಿವೀಲಿ ಡಾಕ್ಟ್ರವ್ನೆ, ನಮ್ದೆಲ್ಲಿ ಕೇಳ್ತದೆ?"

ಸೆಕೆ ಮರೆಯಲು ಲಕ್ಷ್ಮಕ್ಕ ಆ ಸುಗ್ಗಿಗೆ ಒಂದು ಕತೆ ಹಿಡಿದಳು. ಸೋಮಂದೇಪಲ್ಲಿಯ ಅವಳ ನೆಂಟರ ಪೈಕಿ ಒಬ್ಬ ಸೊಸೆ. ಅತ್ತೆ ಮನೆಯಲ್ಲಿ ಮಗನಿಗೂ ಸೊಸೆಗೂ ಒಂದು ಕೋಣೆ ಕೊಡಲಿಲ್ಲವಂತೆ. ಸೊಸೆ ಕಾದಳು ಕಾದಳು, ಒಂದು ದಿನ ಗಂಡನ ಮಂಚವನ್ನು ದರದರ ಎಳೆದುಕೊಂಡು ಹೋಗಿ ನಡುಬೀದಿಯಲ್ಲಿ ಹಾಕಿ ಅದರ ಮೇಲೆ ಕೂತಳಂತೆ. ಬಸ್ಸು ಬಂತಂತೆ, ಡ್ರೈವರ್ ಹಾರನ್ ಹೊಡೆದನಂತೆ, ಇವಳು ಅಲುಗಲಿಲ್ಲವಂತೆ. ಇಷ್ಟು ಹೇಳಲು ಲಕ್ಷ್ಮಕ್ಕನಿಗೆ ದಿನಗಟ್ಟಲೆ ಬೇಕಾಯಿತು. ಅತ್ತೆಯ ಬೈಗುಳವನ್ನೇ ಒಂದು ಪೂರ್ತಿ ಮಧ್ಯಾಹ್ನ ಹೇಳಿದಳು, ದನಿ ಬದಲಾಯಿಸಿ, ತೆಲುಗಿನಲ್ಲೂ ಕನ್ನಡದಲ್ಲೂ.

ಆ ನಡುವೆಯೇ ಕಂಪನಿಯಿಂದ ಫೋನು ಬಂತು. ಅಳಿಯ ಟೈಪ್ ಮಾಡಿ ಕಳಿಸಿದ್ದರಲ್ಲಿ ತಪ್ಪೋ ತಪ್ಪು. ಮೊದಲು ಹಿಂಗಿರಲಿಲ್ಲ, ಈಗ ಏನಾಗಿದೆ? ಈ ಸುಗ್ಗಿ ಮುಗಿಯುವುದರೊಳಗೆ ಸರಿಹೋಗದಿದ್ದರೆ ಕೆಲಸ ಇಲ್ಲ ಅಂದರು. ಅವರು ಸುಗ್ಗಿ ಅನ್ನಲಿಲ್ಲ, ತಿಂಗಳ ಹೆಸರು ಹೇಳಿದರು. ಎರಡೂ ಒಂದೇ.

ಸ್ನೇಹಲತಾ ಆಗ ಬಸುರಿ. ಅಡುಗೆಮನೆಯಲ್ಲಿ ತಾಯಿ ಮುಂದೆ ಅತ್ತಳು. "ಕೆಲ್ಸ ಹೋದ್ರೆ ಇಲ್ಲಿ ಸುಮ್ನೆ ಕೂತು ಉಣ್ಣಲ್ಲ ಅಂತವ್ರೆ ಅಮ್ಮ. ಕಲ್ಯಾಣದುರ್ಗಕ್ಕೆ ಹೋಗಿ ಅಣ್ಣನ ಅಂಗಡೀಲಿ ಎಣ್ಣೆ ಅಳೀತಾರಂತೆ. ಹೆರಿಗೆ ಆದ್ಮೇಲೆ ನಾನೂ ಹೋಗ್ಬೇಕು."

"ಕುಟ್ಟೋ ಸದ್ದಿಗೆ ತಪ್ಪಾಗ್ತದಾ, ಕೇಳು."

ಮಗಳು ಪಡಸಾಲೆಗೆ ಹೋಗಿ ಕೇಳಿ ಬಂದಳು. "ಕುಟ್ಟೋ ಸದ್ದಿಂದ ಏನೂ ಇಲ್ಲ ಅಂತಾರೆ."

ಅಳಿಯನಾದವನು ಅತ್ತೆಗೆ ಇನ್ನೇನು ಹೇಳುತ್ತಾನೆ? ಮರ್ಯಾದೆಗೆ ಹೇಳಿದ ಮಾತು ಅಂದುಕೊಂಡಳು ದ್ರಾಕ್ಷಾಯಣಮ್ಮ. ಸದ್ದೇ ಅಂತ ತೀರ್ಮಾನವಾಯಿತು. ಗೋಡೆ ಕಟ್ಟಿಸೋಣವೆಂದರೆ ಮನೆಯಲ್ಲಿ ಬಸುರಿ ಇರುವಾಗ ಒಡೆಯುವುದು ಕಟ್ಟುವುದು ಕೂಡದು. ಕೊಡತಿ ನಿಲ್ಲಿಸೋಣವೆಂದರೆ ಅಷ್ಟು ಹೆಂಗಸರ ಹೊಟ್ಟೆಪಾಡು, ಆಯಮ್ಮನದೂ. ಅಮೆರಿಕಾದಲ್ಲಿ ಯಾವನಿಗೋ ಮೊಣಕಾಲು ನೋವೆಂದು ಹಿಂದೂಪುರದಲ್ಲಿ ಹುಣಸೆಹಣ್ಣು ಕುಟ್ಟಬಾರದೇ? ಬೈದುಕೊಂಡಳು. ಬೈದರೆ ಮಗಳು ಉಳಿಯುತ್ತಾಳೆಯೇ?

ಒಂದು ದಿನ ಕೋಲ್ಡ್ ಸ್ಟೋರೇಜಿನಲ್ಲಿ ಜಾಗವಿಲ್ಲ, ನಾಳೆ ಬನ್ನಿ ಅಂದುಬಿಟ್ಟರು. ಹಮಾಲಿ ಪೋತಪ್ಪ ಬಿಡಿಸಿದ ಹಣ್ಣಿನ ಮೂಟೆಗಳನ್ನು ವಾಪಸು ತಂದು, ಬೇರೆ ಜಾಗ ಕಾಣದೆ, ಪಡಸಾಲೆಯಲ್ಲಿ ಮೇಜಿನ ಸುತ್ತ ಅಟ್ಟಿ ಕಟ್ಟಿ ಹೋದ. ಅಳಿಯ ಊಟ ಮುಗಿಸಿ ಬಂದು ಸಂದಿಯಲ್ಲಿ ನುಸುಳಿ ತನ್ನ ಕುರ್ಚಿ ಸೇರಿದ. ದ್ರಾಕ್ಷಾಯಣಮ್ಮ ಅಡುಗೆಮನೆ ಬಾಗಿಲಿಂದ ಇಣುಕಿದಳು. ಮೂಟೆ ಕಂಡಿತು. ಅಳಿಯ ಕಾಣಲಿಲ್ಲ. ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಇಟ್ಟಳು. ನಡೆದುಕೊಂಡು ನೆಟ್ಟಗೆ ಬೀದಿಬಾಗಿಲಿಗೆ ಬಂದು ತನ್ನ ಜಗಲಿಯ ಮೇಲೆ ಕೂತಳು. ಮಗಳ ಮದುವೆಯಾದ ಮೇಲೆ, ಅಳಿಯ ಮನೆಯಲ್ಲಿರುವಾಗ, ಹೀಗೆ ತನ್ನ ಮನೆಯೊಳಗಿಂದ ತಾನು ನಡೆದುಬಂದದ್ದು ಅದೇ ಮೊದಲು. ಎದುರುಮನೆಯವರಿಗೆಲ್ಲ ಕಾಣುವ ಹಾಗೆ ಕಾಲು ಚಾಚಿದಳು.

ಸಂಜೆಗೆ ಸ್ನೇಹಲತಾ ಓಡಿಬಂದಳು. "ಅಮ್ಮಾ, ಇವತ್ತಿಂದ್ರಾಗೆ ಒಂದೂ ತಪ್ಪಿಲ್ವಂತೆ!"

ಮರುದಿನ ಪೋತಪ್ಪ ಮೂಟೆ ಒಯ್ಯಲು ಬಂದರೆ ದ್ರಾಕ್ಷಾಯಣಮ್ಮ ಬಿಡಲಿಲ್ಲ. ಇನ್ನಷ್ಟು ಮೂಟೆ ತರಿಸಿ, ಆಳೆತ್ತರಕ್ಕೆ ಏರಿಸಿ, ಹಿತ್ತಲ ಕಿಟಕಿಗೂ ಅಡ್ಡ ಒಟ್ಟಿಸಿದಳು. ಕಿಟಕಿ ಮುಚ್ಚಿದ ಮೇಲೆ ಹೆಂಗಸರ ಸದ್ದು ಒಳಗೆ ಬರುವುದು ನಿಂತಿತು. ಒಳಗಿನ ಅಳಿಯ ಹೊರಗೆ ಕಾಣುವುದೂ ನಿಂತಿತು. ಊಟಕ್ಕೆ ಕರೆಯಲು ಮಗಳು ಮೂಟೆಗೆ ತಟ್ಟುವಳು.

"ಹುಣಸೆಹಣ್ಣಲ್ಲಿ ಆಫೀಸು ಕಟ್ಟಿದ್ದು ನೀನೇ ಮೊದ್ಲು ಕಣಮ್ಮೋ," ಅಂದಳು ಬೀರಕ್ಕ. "ನೊಣ ಬಂದ್ರೆ ಅಟೆಂಡೆನ್ಸ್ ಹಾಕು."

ನೊಣ ಬರಲಿಲ್ಲ, ಬಿಸಿಲು ಬಂತು. ಬಿಡಿಸಿದ ಹಣ್ಣು ಕೋಲ್ಡ್ ಸ್ಟೋರೇಜಿಗೆ ಹೋಗದೆ ಬೇಸಿಗೆಯಲ್ಲಿ ಹೊರಗೆ ಉಳಿದರೆ ಕೆಂಪು ಹೋಗಿ ಕಪ್ಪಾಗುತ್ತದೆ. ಇದು ಹಿಂದೂಪುರದಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ದ್ರಾಕ್ಷಾಯಣಮ್ಮನಿಗೆ ಗೊತ್ತಿಲ್ಲವೇ? ಅದರ ಬದಲು ಸಿಪ್ಪೆ ತುಂಬಿದ ಚೀಲ ಇಟ್ಟು ನೋಡಿದಳು. ಹಗುರದ ಚೀಲ, ಬೀದಿಯಲ್ಲಿ ಲಾರಿ ಹೋದ ಅದುರಿಗೇ ಜಾರಿ ಅಳಿಯನ ತಲೆ ಮೇಲೆ ಬಿತ್ತು. ಧೂಳಿಗೆ ಅವನು ಸೀನಿದ ಸೀನಿಗೆ ಆದಿಲಕ್ಷ್ಮಮ್ಮ ಮತ್ತೆ ಸಾರು ತಂದಳು. ತುಳಿದು ತುಂಬಿದ ಹಣ್ಣಿನ ಮೂಟೆಯೇ ಕಲ್ಲಿನ ಹಾಗೆ ಕೂರುವುದು, ಸದ್ದು ನುಂಗುವುದು. ಅದನ್ನೇ ಇಡಿಸಿದಳು.

ಯಾರ್ಡಿನಲ್ಲಿ ಆ ವಾರ ಕೆಂಪು ಹಣ್ಣಿಗೆ ಬೇಡಿಕೆ ಏರಿತು. ವ್ಯಾಪಾರಿಗಳು ಜಗಲಿಗೇ ಬಂದರು.

"ಕೊಡಮ್ಮ, ಪಡಸಾಲೇಲಿ ಒಟ್ಕಂಡು ಯಾವ ಪೂಜೆ ಮಾಡ್ತೀಯಾ?"

"ಕೊಡಲ್ಲ ಹೋಗಪ್ಪ."

"ಕಪ್ಪಾಗ್ತದೆ."

"ಆಗ್ಲಿ. ನಿಮ್ಮನೇದಾ?"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ದ್ರಾಕ್ಷಾಯಣಮ್ಮನಿಗೆ ಅರುಳು ಮರುಳು, ಅಳಿಯ ಬಂದ ಮೇಲೆ ವ್ಯಾಪಾರ ಕೆಟ್ಟ ಹಾಗೇ ಅಂತ ಬಜಾರಿನಲ್ಲಿ ಮಾತು ಹುಟ್ಟಿತು. ಆಯಮ್ಮ ದಿನಾ ಬೆಳಿಗ್ಗೆ ಒಂದು ಮೂಟೆಯ ಮೂತಿ ಬಿಚ್ಚಿ ಹಣ್ಣಿನ ಬಣ್ಣ ನೋಡುವಳು. ಇಟ್ಟಿಗೆ ಬಣ್ಣವಿದ್ದದ್ದು ಕಾಫಿಪುಡಿಯ ಬಣ್ಣವಾಯಿತು. ಕಾಫಿಪುಡಿಯ ಬಣ್ಣ ಮಸಿಯಾಯಿತು. ಮೂತಿ ಕಟ್ಟುವಾಗ ಒಳಗಿದ್ದವನನ್ನು ಬಾಯಿ ತುಂಬ ಬೈಯುವಳು, ಮೆಲ್ಲಗೆ. ಹಿಟ್ಟಿನ ಪೆಟ್ಟಿಗೆಯವನೇ! ಪೆಡಲು ತುಳಿಯುವವನೇ! ದೊಡ್ಡಬಸಪ್ಪ ಕಟ್ಟಿದ ಹೆಸರಿಗೆ ಮಸಿ ಬಳಿಯಲು ಬಂದವನೇ! ಬೈದು, ಸೆರಗಿನಲ್ಲಿ ಕೈ ಒರೆಸಿಕೊಂಡು, ಅವನಿಗೆ ಮುದ್ದೆ ಬಿಸಿಯಾಗಿರುವಾಗಲೇ ಕಳಿಸುವಳು.

ಹೊರಗೆ ತಗಡಿನ ಕೆಳಗೆ ಲಕ್ಷ್ಮಕ್ಕನ ಕತೆ ಮುಗಿದೇ ಹೋಯಿತು. ಹೆಂಗಸರು ಅತ್ತರು, ನಕ್ಕರು, ಇನ್ನೊಂದು ಕತೆ ಹಿಡಿದರು.

ಸುಗ್ಗಿಯೂ ಮುಗಿಯಿತು. ಕಂಪನಿಯಿಂದ ಫೋನು ಬಂತು. ಸ್ನೇಹಲತಾ ಹೊಟ್ಟೆ ಹಿಡಿದುಕೊಂಡೇ ಅಡುಗೆಮನೆಗೆ ಓಡಿಬಂದಳು. ಕೆಲಸ ಉಳಿಯಿತು, ಖಾಯಂ ಆಯಿತು. ಮೇಲೊಂದು ಮಾತು: ಇಷ್ಟವಿದ್ದರೆ ಬೆಂಗಳೂರಿನ ಆಫೀಸಿಗೇ ಬರಬಹುದಂತೆ. ಬೆಳಿಗ್ಗೆ ಟ್ರೈನಿಗೆ ಹೋಗಿ ಸಾಯಂಕಾಲದ ಟ್ರೈನಿಗೆ ವಾಪಸು. ಅಲ್ಲಿ ತಿರುಗುವ ಕುರ್ಚಿ, ತಣ್ಣನೆ ಗಾಳಿ, ಗಾಜಿನ ಗೋಡೆ.

ದ್ರಾಕ್ಷಾಯಣಮ್ಮನಿಗೆ ದೇವರು ಬಂದು ಎದುರಿಗೆ ನಿಂತಷ್ಟು ಖುಷಿ. ಮಗಳೂ ಮನೆಯಲ್ಲಿ, ಅಳಿಯನೂ ಹಗಲು ಹೊತ್ತು ಹೊರಗೆ! ಇದಕ್ಕಿಂತ ಹೆಚ್ಚಿಗೆ ಏನು ಕೇಳಿದ್ದಳು ಆಯಮ್ಮ? ಅಟ್ಟದಿಂದ ದೊಡ್ಡಬಸಪ್ಪನ ಹಿತ್ತಾಳೆ ಕ್ಯಾರಿಯರ್ ಇಳಿಸಿದಳು. ಗೋಡೆಯ ಮೂಟೆಯಿಂದಲೇ ಒಂದು ಹಿಡಿ ಕಪ್ಪು ಹಣ್ಣು ಕಿತ್ತು ತಿಕ್ಕಿ ತಿಕ್ಕಿ ಬೆಳಗಿದಳು. ಇನ್ನು ಆ ಹಣ್ಣು ಪಾತ್ರೆ ತಿಕ್ಕಲಿಕ್ಕೇ ಲಾಯಕ್ಕು. ಪೋತಪ್ಪನಿಗೆ ಹೇಳಿಕಳಿಸಿದಳು: ಬಾ, ಗೋಡೆ ಇಳಿಸು, ಸಿಕ್ಕಿದ ಬೆಲೆಗೆ ತಳ್ಳಿಬಿಡು.

ಪೋತಪ್ಪ ಬಂದು ಕೊಕ್ಕೆ ಹಾಕಿ ಮೇಲಿನ ಮೂಟೆ ಎಳೆದ. ಆಮೇಲೆ ಅದರ ಕೆಳಗಿನದು. ಮೂರನೆಯದು ಇಳಿಯುವ ಹೊತ್ತಿಗೆ ದ್ರಾಕ್ಷಾಯಣಮ್ಮ ಕ್ಯಾರಿಯರ್ ಹಿಡಿದುಕೊಂಡು, ಗೋಡೆ ಇದೆ ಅನ್ನುವ ಅಭ್ಯಾಸದಲ್ಲೇ, ಸೆರಗು ಸೊಂಟಕ್ಕೆ ಸಿಕ್ಕಿಸಿ ಪಡಸಾಲೆ ದಾಟುತ್ತಿದ್ದಳು. ಗೋಡೆ ಇರಲಿಲ್ಲ. ಅಳಿಯ ಇದ್ದ. ಹೆಡ್‌ಫೋನ್ ಕುತ್ತಿಗೆಗೆ ಇಳಿಬಿಟ್ಟು ನೇರವಾಗಿ ನೋಡುತ್ತಿದ್ದ. ಆಯಮ್ಮನಿಗೆ ಸೆರಗು ಎಳೆದುಕೊಳ್ಳಲು ಕೈ ಬಿಡುವಿಲ್ಲ, ಸರಿದು ನಿಲ್ಲಲು ಬಾಗಿಲು ದೂರ.

ಅವನು ಎದ್ದು ನಿಂತ. ಎಂದಿನ ಹಾಗೆ ಗೋಡೆಗೆ ಒರಗಲಿಲ್ಲ.

"ಅತ್ತೆಮ್ಮ," ಅಂದ. ಮದುವೆಯಾಗಿ ಅಷ್ಟು ದಿನಕ್ಕೆ ಮಗಳ ಬಾಯಿಲ್ಲದೆ ಆಡಿದ ಮೊದಲ ಮಾತು. "ಆ ಕಪ್ಪು ಹಣ್ಣಿನ ವಿಷ್ಯ ಸ್ನೇಹಾ ಹೇಳಿದ್ಲು. ನಾನು ಬೆಂಗಳೂರಿಗೆ ಹೋಗಲ್ಲ ಅಂತ ಹೇಳ್ಬುಟ್ಟೆ. ನನಗಿಲ್ಲೇ ಆಫೀಸೈತೆ."

ಕ್ಯಾರಿಯರ್ ಮುಚ್ಚಳ ಕಳಚಿ ಠಣ್ಣೆಂದು ನೆಲಕ್ಕೆ ಬಿತ್ತು. ಹಿತ್ತಲಲ್ಲಿ ಉಳಿದ ಹಣ್ಣು ಬಿಡಿಸುತ್ತಿದ್ದ ಲಕ್ಷ್ಮಕ್ಕ, ಬೀರಕ್ಕ ಬಾಗಿಲಲ್ಲಿ ಇಣುಕಿದರು. ಪೋತಪ್ಪ ಕೊಕ್ಕೆ ಹಿಡಿದುಕೊಂಡು ನಿಂತಲ್ಲೇ ನಿಂತ. ದ್ರಾಕ್ಷಾಯಣಮ್ಮ ಪದ್ಧತಿಯೆಲ್ಲ ಮರೆತಳು.

"ಕುಟ್ಟೋ ಸದ್ದಿಗೆ ಇನ್ನೊಂದ್ಸಲ ತಪ್ಪಾದ್ರೆ? ಇನ್ನೊಂದು ಸುಗ್ಗಿ ಹಣ್ಣು ಕಪ್ಪು ಮಾಡ್ಕಂಡು ಕೂರ್ಲಾ ನಾನು?"

"ಕುಟ್ಟೋ ಸದ್ದಿಂದ ಏನೂ ಇಲ್ಲ ಅಂತ ಅವತ್ತೇ ಹೇಳ್ದೆನಲ್ಲ ಅತ್ತೆಮ್ಮ. ಈ ಗೋಡೆಗೆ ಸಿಪ್ಪೇನೇ ಗಟ್ಟಿಯಾಗಿ ತುಳಿದು ನಾನೇ ತುಂಬ್ಕಂತೀನಿ. ನಿಮ್ಮ ಹಣ್ಣು ಕೋಲ್ಡ್ ಸ್ಟೋರೇಜಿಗೆ ಹೋಗ್ಲಿ." ಆಮೇಲೆ ತಲೆ ತಗ್ಗಿಸಿ, ಕಾಲಲ್ಲಿ ಇಲ್ಲದ ಪೆಡಲನ್ನು ತುಳಿಯುತ್ತ ನಿಂತ.

ನಿಂತಲ್ಲೇ ಇನ್ನೊಂದು ಮಾತು ಕೇಳಿದ. ಆ ಅಳಿಯ ಆ ಅತ್ತೆಯನ್ನು ಕೇಳಿದ್ದು ಅದೊಂದೇ, ಅದೇ ಕಡೆಯದು. ಆಮೇಲೆ ಅವನಿಗೆ ಬೇಕಾದದ್ದು ಸಂಜೆ ಸಂಜೆಗೂ ಅವನಿದ್ದಲ್ಲಿಗೇ ಬರುತ್ತಿತ್ತು, ಕೇಳುವ ಕೆಲಸ ಬೀಳಲಿಲ್ಲ.

"ಸಾಯಂಕಾಲ ನನ್ ಕೆಲ್ಸ ಮುಗುದ್ಮೇಲೆ, ಆ ಕಿಟಕಿ ಹತ್ರದ್ದು ಒಂದೇ ಒಂದು ಮೂಟೆ ಇಳ್ಸೋಕೆ ಹೇಳಿ ಅತ್ತೆಮ್ಮ. ಆ ಸೋಮಂದೇಪಲ್ಲಿ ಸೊಸೆ ಮಂಚದ ಮೇಲೆ ಕೂತವ್ಳೆ, ಬಸ್ಸು ಬಂದು ನಿಂತೈತೆ, ಅಷ್ಟರಾಗೆ ನೀವು ಗೋಡೆ ಕಟ್ಬುಟ್ರಿ. ಆಮೇಲೇನಾಯ್ತು ಅಂತ ಲಕ್ಷ್ಮಕ್ಕನ ಕೈಲಿ ಇನ್ನೊಂದ್ಸಲ ಹೇಳ್ಸಿ."